ಒಪ್ಪಿಗೆ ಇಲ್ಲದೆ ಸೇರಿಸಿದ ಮೇಲೂ ಕೇಳಬೇಕಾದ್ದು ಇದೆ

ಸಂಪಾದಕರೇ,

ನನ್ನ ತಮ್ಮನನ್ನು ಅವನ ಒಪ್ಪಿಗೆ ಇಲ್ಲದೆ ಮಾನಸಿಕ ಚಿಕಿತ್ಸೆಗೆ ಸೇರಿಸಿದ ಕಾಗದಕ್ಕೆ ಸಹಿ ಹಾಕಿದವಳು ನಾನು. ಆ ಸಹಿ ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಅವನು ಐದು ರಾತ್ರಿ ಮಲಗಿರಲಿಲ್ಲ. ಕೈಯಲ್ಲಿದ್ದ ಹಣವನ್ನೆಲ್ಲ ಸಿಕ್ಕಸಿಕ್ಕವರಿಗೆ ಕೊಟ್ಟಿದ್ದ. ಆರನೇ ರಾತ್ರಿ ರಸ್ತೆ ಮಧ್ಯೆ ನಿಂತು ಬರುವ ಲಾರಿಗಳನ್ನು ಕೈ ಎತ್ತಿ ನಿಲ್ಲಿಸಲು ಹೋದ, ತನಗೇನೂ ಆಗುವುದಿಲ್ಲ ಎಂದು ಅವನಿಗೆ ಅಷ್ಟು ಗಟ್ಟಿ ನಂಬಿಕೆ. ಇನ್ನೊಂದು ರಾತ್ರಿ ಕಾದಿದ್ದರೆ ಏನಾಗುತ್ತಿತ್ತೋ, ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ.

ಆದರೆ ನಾನು ಸಹಿ ಹಾಕಿದ ಮೇಲೆ 18 ದಿನ ಆಸ್ಪತ್ರೆಯ ಒಳಗೆ ನಡೆದದ್ದರ ಬಗ್ಗೆ ನನಗೆ ಸಮಾಧಾನವಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಹೇಳುವುದಕ್ಕೇ ಈ ಪತ್ರ.

ಈ ವಿಷಯ ಎತ್ತಿದ ಕೂಡಲೇ ಜನ ಎರಡು ಪಕ್ಷ ಆಗುತ್ತಾರೆ. ಬಲವಂತವಾಗಿ ಸೇರಿಸುವುದು ಯಾವತ್ತೂ ತಪ್ಪು ಅಂತ ಕೆಲವರು, ಬುದ್ಧಿ ಹತೋಟಿಯಲ್ಲಿ ಇಲ್ಲದವರನ್ನು ಏನು ಕೇಳುವುದು ಅಂತ ಉಳಿದವರು. ಈ ವಾದವೆಲ್ಲ ಆಸ್ಪತ್ರೆಯ ಬಾಗಿಲಿನವರೆಗೆ ಮಾತ್ರ. ಬಾಗಿಲು ಹಾಕಿಕೊಂಡ ಮೇಲೆ ಒಳಗಿರುವವನನ್ನು ಯಾರು, ಏನು, ಎಷ್ಟು ಸಲ ಕೇಳಿದರು ಎನ್ನುವುದನ್ನು ಯಾರೂ ವಿಚಾರಿಸುವುದಿಲ್ಲ. ಸೇರಿಸುವುದಕ್ಕೆ ಒಪ್ಪಿಗೆ ಇರಲಿಲ್ಲ, ಆದ್ದರಿಂದ ಇನ್ನು ಯಾವುದಕ್ಕೂ ಒಪ್ಪಿಗೆ ಬೇಕಿಲ್ಲ. ಹೀಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಡೆಯುವುದು ಮಾತ್ರ ಹಾಗೇ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಅವನನ್ನು ಗಾಡಿ ಹತ್ತಿಸುವುದಕ್ಕೆ ನನಗೆ ಎದೆನೋವು ಅಂತ ಸುಳ್ಳು ಹೇಳಿದೆ. ಐದು ದಿನದಿಂದ ಯಾರ ಮಾತೂ ಕೇಳದವನು ತಕ್ಷಣ ಎದ್ದು ಬಂದ. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಇದ್ದ. ಆಸ್ಪತ್ರೆ ಮುಟ್ಟಿದ ಮೇಲೆ ಇಬ್ಬರು ಅಟೆಂಡರ್‌ಗಳು ಅವನ ತೋಳು ಹಿಡಿದರು. ಅವನು ಕಿರುಚಲಿಲ್ಲ. ನನ್ನನ್ನೇ ನೋಡಿ, ‘ಅಕ್ಕಾ, ಹಾಗಾದ್ರೆ ನಿನಗೆ ಎದೆನೋವು ಇಲ್ವಾ?’ ಅಂದ. ನಾನು ತಲೆ ತಗ್ಗಿಸಿದೆ. ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದು ಒಂದೂವರೆ ವರ್ಷದ ನಂತರ.

ಆಮೇಲೆ ಇಂಜೆಕ್ಷನ್. ಯಾವ ಔಷಧ, ಯಾಕೆ, ಅದರಿಂದ ಏನಾಗಬಹುದು ಅಂತ ಅವನಿಗೆ ಯಾರೂ ಒಂದು ಮಾತು ಹೇಳಲಿಲ್ಲ. ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಉದ್ರೇಕ, ಭ್ರಮೆ ತಗ್ಗಿಸಲು ಕೊಡುವ ಹ್ಯಾಲೊಪೆರಿಡಾಲ್ ಅಂತ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಈ ಔಷಧದಿಂದ ಕೆಲವರಿಗೆ, ಅದರಲ್ಲೂ ವಯಸ್ಸಿನ ಹುಡುಗರಿಗೆ, ಕತ್ತು ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ಕಣ್ಣುಗುಡ್ಡೆ ಮೇಲೆ ಹೋಗಿ ನಿಂತುಬಿಡುತ್ತದೆ. ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಇನ್ನೊಂದು ಇಂಜೆಕ್ಷನ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ. ಆದರೆ ತನ್ನನ್ನು ಯಾರೋ ಸಾಯಿಸಲು ನೋಡುತ್ತಿದ್ದಾರೆ ಎಂಬ ಭಯದಲ್ಲೇ ಇದ್ದವನಿಗೆ, ಗುರುತಿಲ್ಲದವರು ಹಿಡಿದುಕೊಂಡು ಸೂಜಿ ಚುಚ್ಚಿದ ಮೇಲೆ, ನಡುರಾತ್ರಿಯಲ್ಲಿ ಕತ್ತು ತಾನಾಗಿ ತಿರುಗಲು ಶುರುವಾದರೆ ಅವನು ಏನಂದುಕೊಳ್ಳಬೇಕು? ವಿಷ ಹಾಕಿದ್ದಾರೆ ಅಂದುಕೊಂಡ. ಕೂಗಿಕೊಂಡ. ಕೂಗಿದ್ದಕ್ಕೆ ಕೈ ಕಟ್ಟಿದರು. ಮರುದಿನ ನನಗೆ ಹೇಳಿದ್ದು, ‘ರಾತ್ರಿ ತುಂಬಾ ಗಲಾಟೆ ಮಾಡಿದ್ರು’ ಅಂತ.

‘ಕತ್ತು ಹಿಡಿದ ಹಾಗೆ ಆಗಬಹುದು, ಹಾಗೇನಾದ್ರೂ ಆದ್ರೆ ಕೂಗಿ, ಸರಿಮಾಡ್ತೀವಿ.’ ಇಷ್ಟು ಹೇಳಲು ಎಷ್ಟು ಹೊತ್ತು ಬೇಕು?

ದಿನಾ ಬೆಳಿಗ್ಗೆ ಡಾಕ್ಟರ್ ರೌಂಡ್ಸ್‌ಗೆ ಬರುತ್ತಿದ್ದರು. ಅವನ ಹಾಸಿಗೆ ಪಕ್ಕ ನಿಂತು, ನನ್ನ ಕಡೆ ತಿರುಗಿ, ‘ನಿದ್ದೆ ಹೇಗಿದೆ?’ ಎಂದು ಕೇಳುತ್ತಿದ್ದರು. ರಾತ್ರಿ ಆ ವಾರ್ಡ್‌ನಲ್ಲಿ ನಾನು ಇರುತ್ತಲೇ ಇರಲಿಲ್ಲ. ನಿದ್ದೆ ಮಾಡಿದವನು, ಮಾಡದವನು ಎಲ್ಲ ಅವನೇ. ಅವನು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದಿನ ಹಾಸಿಗೆಗೆ ಹೋಗಿರುತ್ತಿದ್ದರು. ಒಳ್ಳೆಯ ಡಾಕ್ಟರ್ ಅವರು. ಔಷಧ ಸರಿಯಾಗೇ ಕೊಟ್ಟರು, ತಮ್ಮ ಚೇತರಿಸಿಕೊಂಡ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಾಯಿಲೆ ವಾಸಿಯಾಯಿತಲ್ಲ, ಇನ್ನೇನು ಅಂತ ಯಾರಾದರೂ ಕೇಳಿದರೆ ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ. ಯಾಕೆಂದರೆ ಡಿಸ್ಚಾರ್ಜ್ ಆದ ಮೂರೇ ತಿಂಗಳಿಗೆ ಅವನು ಮಾತ್ರೆ ಬಿಟ್ಟ. ಕೇಳಿದರೆ, ‘ಅದು ನಿಮ್ಮ ಮಾತ್ರೆ, ನನ್ನದಲ್ಲ’ ಅಂದ.

ನಮ್ಮ ದೇಶದ ಕಾನೂನು ಇದನ್ನೆಲ್ಲ ಯೋಚಿಸಿಲ್ಲ ಅಂತ ನಾನು ಆಗ ತಿಳಿದಿದ್ದೆ. ಆಮೇಲೆ ಓದಿ ನೋಡಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಎಷ್ಟೋ ಮುಂದೆ ಹೋಗಿದೆ. 1912ರ ಹಳೆಯ ಕಾಯ್ದೆಯ ಹೆಸರಿನಲ್ಲೇ ಹುಚ್ಚು ಎನ್ನುವ ಪದವಿತ್ತು. ಅದರ ಜಾಗಕ್ಕೆ 1987ರದ್ದು ಬಂತು, ಅದರ ಜಾಗಕ್ಕೆ ಈಗಿನದ್ದು. ಈಗಿನ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರನ್ನು 30 ದಿನದವರೆಗೆ ಸೇರಿಸಿಕೊಳ್ಳಬಹುದು. ಅದಕ್ಕೆ ಇಬ್ಬರು ಬೇರೆ ಬೇರೆಯಾಗಿ ನೋಡಿ ಹೇಳಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಇತ್ತೀಚೆಗೆ ತನಗೆ ತಾನೇ ಅಪಾಯ ಮಾಡಿಕೊಳ್ಳಲು ಹೋಗಿರಬೇಕು ಅಥವಾ ಹಾಗೆ ಮಾಡಿಕೊಳ್ಳುತ್ತೇನೆ ಅಂತ ಬೆದರಿಸಿರಬೇಕು, ಇಲ್ಲವೇ ಬೇರೆಯವರ ಮೇಲೆ ಕೈ ಮಾಡಿರಬೇಕು ಅಥವಾ ಅವರಿಗೆ ಅಪಾಯದ ಭಯ ಹುಟ್ಟಿಸಿರಬೇಕು, ಇಲ್ಲವೇ ಅಪಾಯ ಆಗುವಷ್ಟರ ಮಟ್ಟಿಗೆ ತನ್ನನ್ನು ತಾನು ನೋಡಿಕೊಳ್ಳಲು ಆಗದಂತಿರಬೇಕು. ಕಾಯಿಲೆ ಇದೆ ಅನ್ನುವುದೊಂದೇ ಸಾಲದು. ಹೆಂಗಸರು ಮತ್ತು ಮಕ್ಕಳಾದರೆ 3 ದಿನದೊಳಗೆ, ಉಳಿದವರಾದರೆ 7 ದಿನದೊಳಗೆ, ಹೀಗೆ ಸೇರಿಸಿದ್ದು ಸರಿಯೇ ಅಂತ ನೋಡುವ ಪುನರ್‌ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಸೇರಿಸಿದ್ದು ಸರಿಯಲ್ಲ ಅಂತ ರೋಗಿಯೇ ಆ ಮಂಡಳಿಗೆ ಅರ್ಜಿ ಹಾಕಬಹುದು. ತಮ್ಮನಿಗೆ ಇದನ್ನು ಯಾರೂ ಹೇಳಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಾಲು ಬೇರೆ. ರೋಗಿಯ ಪರವಾಗಿ ಅವನ ಪ್ರತಿನಿಧಿ, ಸಾಮಾನ್ಯವಾಗಿ ಮನೆಯವರೊಬ್ಬರು, ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು, ಆದರೆ ಅದು ತಾತ್ಕಾಲಿಕ. ರೋಗಿ ತಾನೇ ಒಪ್ಪಿಗೆ ಕೊಡುವಷ್ಟು ಸುಧಾರಿಸಿದ್ದಾನಾ ಅಂತ 7 ದಿನಕ್ಕೊಮ್ಮೆ ನೋಡಬೇಕು. ಸುಧಾರಿಸಿದ್ದರೆ 30 ದಿನ ಕಾಯುವಂತಿಲ್ಲ, ಮನೆಗೆ ಕಳಿಸಬೇಕು, ಅಥವಾ ಅವನೇ ಒಪ್ಪಿದರೆ ತನ್ನ ಇಷ್ಟದಿಂದ ಉಳಿಯಬಹುದು. ಅಂದರೆ ನನ್ನ ಸಹಿಗೆ ಒಂದು ವಾರದ ಆಯಸ್ಸು ಅಷ್ಟೇ. ಹಾಗಂತ ಗೊತ್ತಿದ್ದರೆ ಎಂಟನೇ ದಿನ ನಾನೇ ಹೋಗಿ ಕೇಳುತ್ತಿದ್ದೆ.

ತನ್ನ ದಾಖಲೆ ನೋಡುವ ಹಕ್ಕು ರೋಗಿಗೆ ಇದೆ. ಮುಂದೆ ತಮ್ಮನೇ ಅರ್ಜಿ ಕೊಟ್ಟು ತನ್ನ ಕೇಸ್ ಶೀಟ್ ಪಡೆದುಕೊಂಡ. ನಾವಿಬ್ಬರೂ ಕೂತು ಓದಿದೆವು. ಏಳನೇ ದಿನ ಒಂದು ಸಾಲು, ಹದಿನಾಲ್ಕನೇ ದಿನ ಅದೇ ಸಾಲು: ಒಪ್ಪಿಗೆ ಕೊಡುವ ಸಾಮರ್ಥ್ಯ ಇಲ್ಲ. ಆ ಹದಿನಾಲ್ಕನೇ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಹೋದಾಗ ಅವನು ಪಕ್ಕದ ಹಾಸಿಗೆಯ ಹಿರಿಯರಿಗೆ, ಅವರು ಹೇಳಿದ ಹಾಗೆ, ಅವರ ಮಗನಿಗೆ ಒಂದು ಕಾಗದ ಬರೆದುಕೊಡುತ್ತಿದ್ದ. ಬರೆದು, ಓದಿ ಹೇಳಿ, ಒಂದು ತಪ್ಪು ತಿದ್ದಿ ಮಡಚಿ ಕೊಟ್ಟ. ಇಷ್ಟು ಮಾಡುವವನಿಗೆ ತನ್ನ ಮಾತ್ರೆಯ ಹೆಸರು ಹೇಳಿದರೆ ಅರ್ಥವಾಗುತ್ತಿರಲಿಲ್ಲವಾ?

ಬುದ್ಧಿ ಸರಿಯಿಲ್ಲದವನನ್ನು ಕೇಳುವುದಾದರೂ ಹೇಗೆ ಅಂತ ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ತೀರ್ಮಾನ ಮಾಡುವ ಶಕ್ತಿ ದೀಪದ ಸ್ವಿಚ್ ಥರ ಒಂದೇ ಸಲಕ್ಕೆ ಆರಿಹೋಗುವುದಿಲ್ಲ. ಮೊದಲ ದಿನ ತಮ್ಮನಿಗೆ ಮನೆಗೆ ಹೋಗುವುದು ಅಪಾಯ ಎಂದು ತಿಳಿಯುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಇಂಜೆಕ್ಷನ್ ಯಾವ ತೋಳಿಗೆ ಬೇಕು ಅಂತ ಹೇಳಬಲ್ಲವನಾಗಿದ್ದ. ಯಾರು ನೋಡಲು ಬರಬೇಕು, ಯಾರು ಬರಬಾರದು ಅಂತ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ತಾನು ಕೆಲಸ ಮಾಡುವ ಕಡೆ ಏನು ತಿಳಿಸಬೇಕು ಎನ್ನುವುದು ಅವನದೇ ಮಾತಾಗಿತ್ತು, ಅದನ್ನು ಕೇಳದೆ ನಮ್ಮ ಮನೆಯವರು ಎಲ್ಲ ಹೇಳಿಬಿಟ್ಟರು. ತನ್ನ ಸ್ವಂತ ಬಟ್ಟೆ ಬೇಕು ಅಂತ ಅವನು ಎರಡನೇ ದಿನದಿಂದ ಕೇಳುತ್ತಿದ್ದ. ಇಷ್ಟಪಟ್ಟರೆ ಸ್ವಂತ ಬಟ್ಟೆ ಹಾಕಿಕೊಳ್ಳುವುದು ಕಾಯ್ದೆಯಲ್ಲೇ ಬರೆದಿರುವ ಹಕ್ಕು ಅಂತ ಆಮೇಲೆ ಓದಿ ತಿಳಿದೆ. ಒಳ್ಳೆಯ ವಿಷಯ ಇನ್ನೊಂದಿದೆ. ರೋಗಿಯ ತೀರ್ಮಾನ ನಮಗೆ ತಪ್ಪು ಅನ್ನಿಸಿದ ಮಾತ್ರಕ್ಕೆ ಅವನಿಗೆ ತೀರ್ಮಾನಿಸುವ ಶಕ್ತಿಯೇ ಇಲ್ಲ ಅನ್ನುವಂತಿಲ್ಲ, ಅದನ್ನೂ ಕಾಯ್ದೆ ಬಿಡಿಸಿ ಹೇಳಿದೆ. ಮನೆಯವರಾದ ನಾವು ಎಡವುವುದು ಇಲ್ಲೇ. ನಾವು ಹೇಳಿದ್ದಕ್ಕೆ ಹೂಂ ಅಂದರೆ ಹುಷಾರಾಗಿದ್ದಾನೆ, ಉಹೂಂ ಅಂದರೆ ಇನ್ನೂ ಕಾಯಿಲೆ ಇದೆ.

ಬೇರೆ ದೇಶದವರು ಇದನ್ನು ಹೇಗೆ ನೋಡಿದ್ದಾರೆ ಅಂತಲೂ ಹುಡುಕಿದೆ. ಇಟಲಿಯಲ್ಲಿ 1978ರಲ್ಲಿ ಮನೋವೈದ್ಯ ಫ್ರಾಂಕೊ ಬಸಾಲಿಯಾ ಅವರ ಹೋರಾಟದ ಫಲವಾಗಿ 180ನೇ ಕಾನೂನು ಬಂತು, ದೊಡ್ಡ ದೊಡ್ಡ ಹುಚ್ಚಾಸ್ಪತ್ರೆಗಳನ್ನು ಮುಚ್ಚುವುದಕ್ಕೆ ಅದು ದಾರಿಯಾಯಿತು. ಅಲ್ಲೂ ಬಲವಂತದ ಚಿಕಿತ್ಸೆ ಪೂರ್ತಿ ಹೋಗಿಲ್ಲ. ಆಸ್ಪತ್ರೆಯಲ್ಲಾದರೆ ಒಂದು ಸಲಕ್ಕೆ 7 ದಿನ, ಬೇಕಾದರೆ ಮುಂದುವರಿಸಬಹುದು. ಆದರೆ ಬಲವಂತದ ಚಿಕಿತ್ಸೆ ನಡೆಯುವಾಗಲೂ ಆ ವ್ಯಕ್ತಿಯ ಒಪ್ಪಿಗೆ ಪಡೆಯಲು, ಅವನನ್ನು ಜೊತೆಗೆ ಸೇರಿಸಿಕೊಳ್ಳಲು ಪ್ರಯತ್ನ ಮಾಡುತ್ತಿರಬೇಕು ಅಂತ ಆ ಕಾನೂನು ಹೇಳುತ್ತದೆ. ಇದನ್ನು ಓದಿದ ದಿನ ನನಗೆ ಅಳು ಬಂತು. ಇಷ್ಟು ದಿನ ನನಗೆ ಹೇಳಲು ಬಾರದೆ ಇದ್ದ ಮಾತು ಇದೇ.

ಅಮೆರಿಕದ ಕೆನೆತ್ ಡೊನಾಲ್ಡ್‌ಸನ್ ಅವರ ಕತೆ ಬೇರೆ ರೀತಿ ನೋವು ಕೊಟ್ಟಿತು. 1957ರಲ್ಲಿ ಅವರ ತಂದೆ ಕೊಟ್ಟ ಅರ್ಜಿಯ ಮೇಲೆ ಅವರನ್ನು ಫ್ಲಾರಿಡಾದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಇಟ್ಟರು. ಅವರು ಯಾರಿಗೂ ಅಪಾಯ ಮಾಡಿದವರಲ್ಲ, ಬಿಡಿ ಅಂತ ಕೇಳುತ್ತಲೇ ಇದ್ದರು. ಹೊರಗೆ ಬರಲು ಸುಮಾರು 15 ವರ್ಷ ಹಿಡಿಯಿತು. 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಪಾಯ ಇಲ್ಲದ, ಹೊರಗೆ ತಾನಾಗಿಯೋ ಬೇರೆಯವರ ನೆರವಿನಿಂದಲೋ ಸುರಕ್ಷಿತವಾಗಿ ಬದುಕಬಲ್ಲ ವ್ಯಕ್ತಿಯನ್ನು ಸುಮ್ಮನೆ ಕೂಡಿಹಾಕುವಂತಿಲ್ಲ ಎಂದು ಹೇಳಿತು. ಆ ತಂದೆ ಕೂಡ ಮಗನ ಒಳ್ಳೆಯದಕ್ಕೇ ಅರ್ಜಿ ಕೊಟ್ಟಿರಬೇಕು ಅಂತ ನನಗೆ ಅನ್ನಿಸುತ್ತದೆ. ಬರೆದುಕೊಟ್ಟ ಮೇಲೆ ಒಳಗೆ ಏನಾಗುತ್ತಿದೆ ಅಂತ ಕೇಳುವವರು ಇಲ್ಲದೆ ಹೋದರೆ ವಾರ ಹೋಗಿ ವರ್ಷಗಳೇ ಆಗಿಬಿಡುತ್ತವೆ.

ಆಸ್ಪತ್ರೆಯವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ರಾತ್ರಿ ಪಾಳಿಯಲ್ಲಿ ವಾರ್ಡ್ ತುಂಬಾ ರೋಗಿಗಳಿಗೆ ಒಬ್ಬರೇ ಸಿಸ್ಟರ್. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾತಾಡಲು ಅವರಿಗೆ ಎಲ್ಲಿ ಹೊತ್ತಿರುತ್ತದೆ? ಆದರೂ ಜನ ಸಾಲದು ಎಂಬ ಕಾರಣಕ್ಕೆ ರೋಗಿಯ ಕೈಕಾಲು ಕಟ್ಟುವಂತಿಲ್ಲ ಅಂತ ಕಾಯ್ದೆ ಬರೆದಿದೆ. ಶಿಕ್ಷೆಯಾಗಿಯೂ ಕಟ್ಟುವಂತಿಲ್ಲ. ಆಗಲೇ ತಡೆಯದಿದ್ದರೆ ಅಪಾಯ ಖಂಡಿತ, ಬೇರೆ ದಾರಿಯೇ ಇಲ್ಲ ಅನ್ನುವಾಗ ಮಾತ್ರ, ಎಷ್ಟು ಹೊತ್ತು ಬೇಕೋ ಅಷ್ಟೇ. ಕಟ್ಟಿದ್ದನ್ನು ದಾಖಲೆಯಲ್ಲಿ ಬರೆಯಬೇಕು, 24 ಗಂಟೆಯೊಳಗೆ ರೋಗಿಯ ಪ್ರತಿನಿಧಿಗೆ ತಿಳಿಸಬೇಕು. ಆ ಪ್ರತಿನಿಧಿ ನಾನೇ. ‘ಗಲಾಟೆ ಮಾಡಿದ್ರು’ ಅಂದರೇ ಹೊರತು ಕೈ ಕಟ್ಟಿದ್ದೆವು ಅಂತ ಹೇಳಲಿಲ್ಲ. ನಾಲ್ಕನೇ ದಿನ ಮಣಿಕಟ್ಟಿನ ಗುರುತು ನೋಡಿ ನಾನೇ ಕೇಳಬೇಕಾಯಿತು.

ಅದೇ ವಾರ್ಡ್‌ನಲ್ಲಿ ಒಬ್ಬ ಸಿಸ್ಟರ್ ಇದ್ದರು. ಅವರು ಮಾತ್ರೆ ಕೊಡುವ ಮೊದಲು ಹಾಸಿಗೆ ಮೇಲೆ ಕೂತು, ‘ಇದು ನಿದ್ದೆಗೆ, ಇದು ತಲೆ ಓಡೋದು ಕಡಿಮೆ ಆಗೋಕೆ, ಬಾಯಿ ಒಣಗುತ್ತೆ, ನೀರು ಪಕ್ಕದಲ್ಲಿ ಇಟ್ಟಿದ್ದೀನಿ’ ಅನ್ನುತ್ತಿದ್ದರಂತೆ. ಅವರ ಪಾಳಿಯಲ್ಲಿ ತಮ್ಮ ಒಂದು ದಿನವೂ ಮಾತ್ರೆ ಉಗಿಯಲಿಲ್ಲ. ಬೇರೆ ಪಾಳಿಯವರ ಕೈಲಿ ಅದೇ ಮಾತ್ರೆಗೆ ಬಾಯಿ ಬಿಗಿಹಿಡಿದು ಕೂರುತ್ತಿದ್ದ. ಹೀಗೆ ಹೇಳಿ ಕೊಟ್ಟರೆ ಕೆಲಸ ಜಾಸ್ತಿಯಾಗುತ್ತದಾ ಕಡಿಮೆಯಾಗುತ್ತದಾ, ವಾರ್ಡ್‌ನಲ್ಲಿ ಇರುವವರೇ ಹೇಳಲಿ.

ಮಾತ್ರೆ ಬಿಟ್ಟವನಿಗೆ ಒಂದೂವರೆ ವರ್ಷದೊಳಗೆ ಮತ್ತೆ ಜಾಸ್ತಿಯಾಯಿತು. ಈ ಸಲ ನಾನು ಸುಳ್ಳು ಹೇಳಲಿಲ್ಲ. ಎದುರು ಕೂತು, ‘ನಿನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ, ನಿನಗೆ ಇಷ್ಟ ಇಲ್ಲ ಅಂತ ಗೊತ್ತು, ಆದ್ರೂ ಕರ್ಕೊಂಡು ಹೋಗ್ತೀನಿ. ಹೋದ ಸಲ ಎದೆನೋವು ಅಂದಿದ್ದು ಸುಳ್ಳು’ ಅಂದೆ. ಅವನು ಕೂಗಾಡಿದ, ಬಾಗಿಲಿಗೆ ಒದ್ದ, ನನ್ನನ್ನು ಬಾಯಿಗೆ ಬಂದಂತೆ ಬೈದ. ಎರಡು ಗಂಟೆ ಹಿಡಿಯಿತು. ಕೊನೆಗೂ ಮನಸ್ಸಿಲ್ಲದೇ ಬಂದ. ನಿಜ ಹೇಳಿದ್ದರಿಂದ ಎಲ್ಲ ಸಲೀಸಾಯಿತು ಅಂತ ನಾನು ಹೇಳಲಾರೆ. ಆದರೆ ಆಸ್ಪತ್ರೆಯಲ್ಲಿ ಅವನು ನನ್ನ ಕಡೆ ಬೆನ್ನು ಮಾಡಿ ಕೂರಲಿಲ್ಲ, ಹೋದ ಸಲ ಆರು ದಿನ ಹಾಗೇ ಕೂತಿದ್ದ.

ಆ ಸಲ ಬೇರೆ ಆಸ್ಪತ್ರೆ, ಬೇರೆ ಡಾಕ್ಟರ್. ಹತ್ತನೇ ದಿನಕ್ಕೆ ಅವನೇ ಕಾಗದ ಓದಿ, ತನ್ನ ಇಷ್ಟದಿಂದ ಉಳಿಯುತ್ತೇನೆ ಅಂತ ಸಹಿ ಹಾಕಿದ. ಮನಸ್ಸಿನ ಏರಿಳಿತ ಹತೋಟಿಗೆ ತರುವ ಲಿಥಿಯಂ ಮಾತ್ರೆ ಶುರು ಮಾಡುವಾಗ ಆಗಾಗ ರಕ್ತಪರೀಕ್ಷೆ ಯಾಕೆ ಬೇಕು, ಪ್ರಮಾಣ ಮೀರಿದರೆ ಏನಾಗುತ್ತದೆ ಅಂತ ಡಾಕ್ಟರ್ ಅವನಿಗೇ ಹೇಳಿದರು. ಈಗ ರಕ್ತಪರೀಕ್ಷೆಯ ತಾರೀಕು ನನಗಿಂತ ಅವನಿಗೇ ಚೆನ್ನಾಗಿ ನೆನಪಿರುತ್ತದೆ.

ಹುಷಾರಾದ ಮೇಲೆ ಅವನು ಮಾಡಿದ ಇನ್ನೊಂದು ಕೆಲಸ, ಮುಂಚಿತ ನಿರ್ದೇಶನ ಬರೆದಿಟ್ಟಿದ್ದು. ಮತ್ತೆ ಕಾಯಿಲೆ ಬಂದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು, ತನ್ನ ಪರವಾಗಿ ಮಾತಾಡಲು ಯಾರು ಇರಬೇಕು ಅಂತ ವಯಸ್ಕರು ಯಾರು ಬೇಕಾದರೂ ಬರೆದಿಡಲು ಕಾಯ್ದೆ ಅವಕಾಶ ಕೊಟ್ಟಿದೆ. ಅದು ಬೇಡ ಅನ್ನಿಸಿದರೆ ಡಾಕ್ಟರ್ ಆಗಲಿ ಮನೆಯವರಾಗಲಿ ಮಂಡಳಿಯ ಮುಂದೆ ಹೋಗಬೇಕು, ಸುಮ್ಮನೆ ಪಕ್ಕಕ್ಕೆ ಇಡುವಂತಿಲ್ಲ. ತುರ್ತು ಚಿಕಿತ್ಸೆಗೆ ಮಾತ್ರ ಇದು ಅನ್ವಯಿಸುವುದಿಲ್ಲ. ತಮ್ಮ ಬರೆದಿದ್ದರಲ್ಲಿ ಎರಡು ವಿಷಯ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಕತ್ತು ತಿರುಚಿದ ಆ ಇಂಜೆಕ್ಷನ್ ಬೇಡ, ಬೇರೆ ಇದ್ದರೆ ಕೊಡಿ, ಇದು ಮೊದಲನೆಯದು. ನನಗೆ ಸುಳ್ಳು ಹೇಳಿ ಕರೆದುಕೊಂಡು ಬರಬೇಡಿ, ಇದು ಎರಡನೆಯದು. ಪ್ರತಿನಿಧಿ ಅನ್ನುವ ಜಾಗದಲ್ಲಿ ನನ್ನ ಹೆಸರೇ ಬರೆದಿದ್ದ.

ಇದು ಬರೀ ಮಾನಸಿಕ ಕಾಯಿಲೆಯ ವಾರ್ಡಿನ ಮಾತಲ್ಲ. ಐಸಿಯುನಲ್ಲಿ ಗಲಿಬಿಲಿಯಾಗಿ ನಳಿಗೆ ಕೀಳುವ ವಯಸ್ಸಾದವರು, ಮರೆವಿನ ಕಾಯಿಲೆ ಇರುವವರು, ಇವರನ್ನೂ ಕೇಳದೇ ಎಲ್ಲ ಮಾಡುತ್ತೇವೆ, ಅವರ ಮುಂದೆಯೇ ಅವರ ಬಗ್ಗೆ ಮಾತಾಡುತ್ತೇವೆ. ಅದಕ್ಕೇ ಬೇರೆ ಪತ್ರ ಬೇಕು.

ಆಸ್ಪತ್ರೆಗಳನ್ನು ನಾನು ಕೇಳಿಕೊಳ್ಳುವುದು ಹೊಸ ಕಟ್ಟಡವಲ್ಲ, ಯಂತ್ರವಲ್ಲ. ಸೇರಿಸಿದ ದಿನವೇ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ರೋಗಿಯ ಕೈಗೆ ಕೊಡಿ: ನಿಮ್ಮನ್ನು ಯಾಕೆ ಇಲ್ಲಿ ಇಟ್ಟಿದ್ದೇವೆ, ಜಾಸ್ತಿ ಅಂದರೆ ಎಷ್ಟು ದಿನ, ಮತ್ತೆ ಯಾವತ್ತು ನಿಮ್ಮನ್ನು ಕೇಳುತ್ತೇವೆ, ಒಪ್ಪಿಗೆ ಇಲ್ಲದಿದ್ದರೆ ಯಾರಿಗೆ ಬರೆಯಬೇಕು. ಮೊದಲ ದಿನ ಹರಿದು ಎಸೆದರೆ ಮೂರನೇ ದಿನ ಇನ್ನೊಂದು ಕೊಡಿ. ಏಳನೇ ದಿನ ಕೇಸ್ ಶೀಟ್‌ನಲ್ಲಿ ಒಂದು ಸಾಲು ಬರೆಯುವ ಮೊದಲು ಹತ್ತು ನಿಮಿಷ ಎದುರು ಕೂತು ಮಾತಾಡಿ. ಮಂಡಳಿ ಎನ್ನುವುದು ಕಾಗದದ ಮೇಲಷ್ಟೇ ಇದ್ದರೆ ರೋಗಿ ಬರೆದ ಅರ್ಜಿ ಹೋಗಿ ಸೇರುವುದೆಲ್ಲಿ? ಕಾಯ್ದೆ ಬಂದ ಮೇಲೂ ಹಲವು ರಾಜ್ಯಗಳಲ್ಲಿ ಮಂಡಳಿಗಳ ರಚನೆ ತಡವಾಯಿತು. ಇದನ್ನು ಸರ್ಕಾರವನ್ನು ಕೇಳುತ್ತಲೇ ಇರುವುದು ನಿಮ್ಮಂಥ ಪತ್ರಿಕೆಗಳಿಂದ ಆಗುವ ಕೆಲಸ.

ಮನೆಯವರಿಗೂ ಒಂದು ಮಾತು. ಸಹಿ ಹಾಕಿ ಬಂದ ರಾತ್ರಿ ನಿಮಗೆ ನಿದ್ದೆ ಬರುವುದಿಲ್ಲ, ಗೊತ್ತು. ಬೆಳಿಗ್ಗೆ ಹೋಗಿ ಯಾವ ಔಷಧ ಕೊಟ್ಟಿರಿ ಅಂತ ಕೇಳಿ, ಕೈ ಕಟ್ಟಿದಿರಾ ಅಂತ ಕೇಳಿ. ಡಾಕ್ಟರ್ ನಿಮ್ಮ ಕಡೆ ತಿರುಗಿ ನಿದ್ದೆ ಹೇಗಿದೆ ಅಂದರೆ, ‘ಅವನನ್ನೇ ಕೇಳಿ ಸರ್’ ಅನ್ನಿ. ನಾನು ಅದನ್ನು ಕಲಿತದ್ದು ಅವನನ್ನು ಎರಡನೇ ಸಲ ಸೇರಿಸಿದಾಗ.

ಈ ಪತ್ರವನ್ನು ಕಳಿಸುವ ಮೊದಲು ತಮ್ಮನಿಗೆ ಓದಿ ಹೇಳಿದ್ದೇನೆ. ಮೊದಲ ಸಲ ಓದಿದಾಗ ಬೇಡ ಅಂದ, ಇಟ್ಟುಬಿಟ್ಟೆ. ಮೂರು ವಾರ ಕಳೆದು ಅವನೇ ಕೇಳಿ ತೆಗೆಸಿಕೊಂಡು ಓದಿದ. ಎರಡು ಕಡೆ ಹೊಡೆದುಹಾಕಲು ಹೇಳಿದ, ಹೊಡೆದುಹಾಕಿದ್ದೇನೆ. ಕೈ ಕಟ್ಟಿದ್ದು ಇರಲಿ ಅಂದ. ಹೆಸರು ಬೇಡ ಅಂದಿದ್ದಾನೆ, ಅವನದೂ ನನ್ನದೂ. ದಯವಿಟ್ಟು ಹಾಗೇ ಪ್ರಕಟಿಸಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು